ಗಾಜು ಒರೆಸಿದ ಕೈಗಳು

ನೀವೀಗ ನೋಡ್ತಿರೋ ಫೋನಿನ ಗಾಜನ್ನ ಒಮ್ಮೆ ಬೆರಳಿಂದ ಸವರಿ. ಚೀನಾದ ಸುಝೌ ನಗರದ ಕಾರ್ಖಾನೆಯೊಂದರಲ್ಲಿ ಇಂಥ ಗಾಜನ್ನ ದಿನವಿಡೀ ಬಟ್ಟೆಯಿಂದ ಒರೆಸೋರಿದ್ರು. ಮೊದಲು ಬಳಸ್ತಿದ್ದದ್ದು ಆಲ್ಕೋಹಾಲ್. ಬೇಗ ಆರುತ್ತೆ ಅಂತ ಅದರ ಬದಲು ಎನ್-ಹೆಕ್ಸೇನ್ ಅನ್ನೋ ರಾಸಾಯನಿಕ ತಂದ್ರು. ನೀರಿನಷ್ಟೇ ತಿಳಿ, ಪೆಟ್ರೋಲಿನಂಥ ವಾಸನೆ.

ಆರೋದು ಅಂದ್ರೆ ಮಾಯವಾಗೋದಲ್ಲ. ಗಾಜಿನಿಂದ ಎದ್ದ ಆವಿ ಉಸಿರಿನ ಜೊತೆ ಒಳಗೆ ಹೋಯ್ತು. ನಮ್ಮ ಲಿವರ್ ಇದನ್ನ ಇನ್ನೊಂದು ರಾಸಾಯನಿಕವಾಗಿ ಬದಲಿಸುತ್ತೆ. ನರ ಕೆಡಿಸೋದು ಅದೇ. ಉದ್ದನೆಯ ನರಗಳಿಗೆ ಮೊದಲ ಪೆಟ್ಟು, ಹಾಗಾಗಿ ಪಾದ ಜುಮ್ಮೆನ್ನುತ್ತೆ, ಆಮೇಲೆ ಕೈ. ಅಂಗಿ ಗುಂಡಿ ಹಾಕೋಕಾಗಲ್ಲ. ಚಪ್ಪಲಿ ಕಾಲಿಂದ ಜಾರಿದ್ರೂ ಗೊತ್ತಾಗಲ್ಲ. ಕೆಲಸ ಬಿಟ್ಟ ಮೇಲೂ ಕೆಲವು ವಾರ ನಿತ್ರಾಣ ಹೆಚ್ಚುತ್ತಲೇ ಹೋಗಬಹುದು, ಅದೇ ನನಗೆ ತುಂಬ ಸಂಕಟದ ಮಾತು.

ಆ ಕಾರ್ಖಾನೆಯಲ್ಲಿ ಹೀಗೆ ಕಾಯಿಲೆ ಬಿದ್ದವರು 137 ಮಂದಿ ಅಂತ, ಅಲ್ಲಿಂದ ಗಾಜು ತರಿಸ್ಕೊಳ್ತಿದ್ದ ಆಪಲ್ ಕಂಪನಿಯೇ 2011ರಲ್ಲಿ ಒಪ್ಪಿಕೊಳ್ತು.

ಚಪ್ಪಲಿ, ಬ್ಯಾಗ್ ಅಂಟಿಸೋ ಗೋಂದಿನಲ್ಲೂ ಎನ್-ಹೆಕ್ಸೇನ್ ಇರಬಹುದು. ಬಟ್ಟೆ ಮಾಸ್ಕ್ ಈ ಆವಿಯನ್ನ ತಡೆಯಲ್ಲ. ಅಂಥ ಗೋಂದು ಬಳಸುವಾಗ ಬಾಗಿಲು ಕಿಟಕಿ ತೆಗೀರಿ, ಫ್ಯಾನ್ ಗಾಳಿ ಹೊರಗೆ ತಳ್ಳೋ ಹಾಗಿಡಿ. ಪಾದ ಜುಮ್ಮೆಂದ್ರೆ ಡಾಕ್ಟರಿಗೆ ಮೊದಲು ನಿಮ್ಮ ಕೆಲಸ ಏನು ಅಂತ ಹೇಳಿ, ಗೋಂದಿನ ಡಬ್ಬಿಯ ಫೋಟೋನೂ ತೋರಿಸಿ.