ಫೈಬರ್‌ಗ್ಲಾಸ್ ಪ್ರವಾಸಿ ಟ್ರೇಲರುಗಳ ಕಲ್ಲೇಟು ರಕ್ಷಣೆ

ಫೈಬರ್‌ಗ್ಲಾಸ್ ಪ್ರವಾಸಿ ಟ್ರೇಲರುಗಳ ಕಲ್ಲೇಟು ರಕ್ಷಣೆ ಎಂಬುದು ಕಾರು ಅಥವಾ ಪಿಕಪ್ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ, ಗಾಜಿನ ನಾರು ಮತ್ತು ರಾಳದಿಂದ ಅಚ್ಚು ಹಾಕಿದ ವಸತಿ ಟ್ರೇಲರುಗಳಿಗೆ ರಸ್ತೆಯ ಕಲ್ಲುಗಳಿಂದ ಆಗುವ ಹಾನಿಯನ್ನು ತಡೆಯುವ ವಿಧಾನಗಳ ಒಟ್ಟು ಹೆಸರು. ಉತ್ತರ ಅಮೆರಿಕದ ಉತ್ತರ ಭಾಗದ ಜಲ್ಲಿ ಹೆದ್ದಾರಿಗಳಲ್ಲಿ ಮತ್ತು ಆಸ್ಟ್ರೇಲಿಯದ ಒಳನಾಡಿನ ಮಣ್ಣಿನ ರಸ್ತೆಗಳಲ್ಲಿ ಪ್ರಯಾಣಿಸುವವರಿಗೆ ಇದು ಮುಖ್ಯ ವಿಷಯವಾಗಿದೆ. ಕಲ್ಲೇಟಿನಿಂದ ಟ್ರೇಲರಿನ ಅಂದ ಕೆಡುವುದು ಹಾನಿಯ ಒಂದು ಭಾಗ ಮಾತ್ರ. ಅಡುಗೆ ಅನಿಲದ ಕೊಳವೆ, ಬ್ರೇಕಿನ ತಂತಿ ಹಾಗೂ ಎಳೆಯುವ ವಾಹನದ ಹಿಂಬದಿಯ ಗಾಜು ಸಹ ಇದರಿಂದ ಅಪಾಯಕ್ಕೆ ಒಳಗಾಗುತ್ತವೆ.

ಹಿನ್ನೆಲೆ

ಅಚ್ಚಿನ ಫೈಬರ್‌ಗ್ಲಾಸ್ ಟ್ರೇಲರುಗಳಲ್ಲಿ ಪ್ರಸಿದ್ಧವಾದದ್ದು ಬೋಲರ್. ಕೆನಡಾದ ಮ್ಯಾನಿಟೋಬ ಪ್ರಾಂತ್ಯದ ವಿನಿಪೆಗ್ ನಗರದಲ್ಲಿ ರೇ ಒಲೆಕೊ 1968ರಲ್ಲಿ ಇದರ ತಯಾರಿಕೆಯನ್ನು ಆರಂಭಿಸಿದರು. ದುಂಡನೆಯ ಬೌಲರ್ ಟೊಪ್ಪಿಗೆಯನ್ನು ಹೋಲುವ ಆಕಾರವೇ ಅದರ ಹೆಸರಿಗೆ ಕಾರಣ. ಮೇಲಿನ ಮತ್ತು ಕೆಳಗಿನ ಎರಡು ಚಿಪ್ಪುಗಳನ್ನು ಬೇರೆ ಬೇರೆಯಾಗಿ ಅಚ್ಚು ಹಾಕಿ, ನಡುವಿನಲ್ಲಿ ಒಂದಕ್ಕೊಂದು ಜೋಡಿಸುವುದು ಇದರ ರಚನಾಕ್ರಮ. ಮುಂದೆ ಅಮೆರಿಕ ಸಂಯುಕ್ತ ಸಂಸ್ಥಾನದ ಮಿನ್ನೆಸೋಟ ರಾಜ್ಯದ ಸ್ಕ್ಯಾಂಪ್, ಟೆಕ್ಸಸ್ ರಾಜ್ಯದ ಕಸೀಟ ಮೊದಲಾದ ಟ್ರೇಲರುಗಳು ಇದೇ ತತ್ತ್ವವನ್ನು ಅನುಸರಿಸಿದವು.

ಈ ರಚನೆಯ ದೊಡ್ಡ ಗುಣವೆಂದರೆ ಕೀಲುಗಳು ಕಡಿಮೆ. ಚೌಕಟ್ಟಿಗೆ ಹಾಳೆಗಳನ್ನು ಹೊದಿಸಿ ಕಟ್ಟಿದ ಟ್ರೇಲರುಗಳಲ್ಲಿ ಸಂದುಗಳ ಮೂಲಕ ನೀರು ಇಳಿದು ಮರ ಕೊಳೆಯುವುದು ಸಾಮಾನ್ಯ. ಅಚ್ಚಿನ ಚಿಪ್ಪಿನಲ್ಲಿ ಅಂತಹ ಸಂದುಗಳು ಬಹಳ ಕಡಿಮೆಯಾದುದರಿಂದ ಹಲವು ದಶಕಗಳ ಹಿಂದಿನ ಟ್ರೇಲರುಗಳು ಇಂದಿಗೂ ಬಳಕೆಯಲ್ಲಿವೆ. ಬೋಲರ್ ತಯಾರಿಕೆ ನಿಂತುಹೋಗಿರುವುದರಿಂದ ಅದರ ಚಿಪ್ಪು ಒಡೆದರೆ ಬದಲಿ ಚಿಪ್ಪು ಸುಲಭವಾಗಿ ದೊರೆಯುವುದಿಲ್ಲ. ಹೊಸ ಬಾಗಿಲನ್ನೋ ಚಕ್ರವನ್ನೋ ಕೊಳ್ಳಬಹುದು, ಚಿಪ್ಪನ್ನಾದರೋ ಕಾಪಾಡಿಕೊಳ್ಳಲೇಬೇಕು.

ಕಲ್ಲೇಟಿಗೆ ಹೆಸರಾದ ರಸ್ತೆಗಳಲ್ಲಿ ಎರಡನ್ನು ವಿಶೇಷವಾಗಿ ಹೆಸರಿಸಬಹುದು. ಕೆನಡಾದ ಯೂಕಾನ್ ಪ್ರದೇಶದಲ್ಲಿ ಆರಂಭವಾಗಿ ಇನುವಿಕ್ ಪಟ್ಟಣವನ್ನು ಸೇರುವ ಡೆಂಪ್‌ಸ್ಟರ್ ಹೆದ್ದಾರಿ ಸುಮಾರು 736 ಕಿ.ಮೀ. ಉದ್ದವಿದ್ದು, ಬಹುಪಾಲು ಜಲ್ಲಿಯ ರಸ್ತೆಯಾಗಿದೆ. ಅಲಾಸ್ಕದ ಡಾಲ್ಟನ್ ಹೆದ್ದಾರಿಯನ್ನು ತೈಲ ಕೊಳವೆ ಮಾರ್ಗದ ನಿರ್ಮಾಣಕ್ಕಾಗಿ 1974ರಲ್ಲಿ ಹಾಕಲಾಯಿತು. ಇದರ ಉದ್ದ ಸುಮಾರು 666 ಕಿ.ಮೀ. ಈ ರಸ್ತೆಯಲ್ಲಿ ಕೋಲ್ಡ್‌ಫುಟ್ ಎಂಬ ತಾಣವನ್ನು ಬಿಟ್ಟ ಮೇಲೆ ಉತ್ತರದ ಡೆಡ್‌ಹಾರ್ಸ್‌ವರೆಗೆ, ಅಂದರೆ ಸುಮಾರು 386 ಕಿ.ಮೀ. ದೂರದಲ್ಲಿ, ಇಂಧನವಾಗಲಿ ದುರಸ್ತಿಯಾಗಲಿ ದೊರೆಯುವುದಿಲ್ಲ. ಇಂತಹ ಕಡೆ ಒಡೆದ ಒಂದು ಗಾಜು ಅಥವಾ ಹರಿದ ಒಂದು ಕೊಳವೆ ಪ್ರಯಾಣವನ್ನೇ ನಿಲ್ಲಿಸಬಲ್ಲದು.

ಜಲ್ಲಿ ರಸ್ತೆಗಳಲ್ಲಿ ಮಾತ್ರ ಈ ಅಪಾಯವಿದೆ ಎಂದು ಭಾವಿಸಬಾರದು. ಟಾರು ಸಿಂಪಡಿಸಿ ಅದರ ಮೇಲೆ ಸಣ್ಣ ಜಲ್ಲಿಯನ್ನು ಹರಡಿ ಒತ್ತುವ ರಸ್ತೆಗಳು ಅನೇಕ ದೇಶಗಳಲ್ಲಿವೆ. ಹೊಸದಾಗಿ ಹಾಕಿದ ಇಂತಹ ರಸ್ತೆಯ ಮೇಲೆ ಕೆಲವು ದಿನಗಳ ಕಾಲ ಸಡಿಲವಾದ ಕಲ್ಲುಗಳು ಉಳಿದಿರುತ್ತವೆ.

ಕಲ್ಲು ಬಡಿಯುವ ಬಗೆ

ಚಕ್ರದ ಟೈರು ರಸ್ತೆಯಿಂದ ಬೇರ್ಪಡುವ ಜಾಗದಲ್ಲಿ, ಅದರ ಗೀರುಗಳಿಗೆ ಸಿಕ್ಕ ಅಥವಾ ಅಂಚಿನಿಂದ ಚಿಮ್ಮಿದ ಕಲ್ಲು ಮೇಲಕ್ಕೆ ಏಳುತ್ತದೆ. ಕಲ್ಲು ಬಂದು ಟ್ರೇಲರಿಗೆ ಹೊಡೆಯಿತು ಎಂದು ನಾವು ಹೇಳುತ್ತೇವೆ. ವಾಸ್ತವವಾಗಿ ಅನೇಕ ಸಲ ಕಲ್ಲು ಗಾಳಿಯಲ್ಲಿ ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ, ಟ್ರೇಲರು ತನ್ನ ಪೂರ್ಣ ವೇಗದಲ್ಲಿ ಹೋಗಿ ಅದಕ್ಕೆ ಬಡಿಯುತ್ತದೆ. ಆದುದರಿಂದ ಏಟಿನ ಬಲವನ್ನು ನಿರ್ಧರಿಸುವುದು ಮುಖ್ಯವಾಗಿ ವಾಹನದ ವೇಗ.

ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 20 ಗ್ರಾಂ ತೂಕದ ಕಲ್ಲಿಗೆ ಗಂಟೆಗೆ 90 ಕಿ.ಮೀ. ವೇಗದಲ್ಲಿ ಬಡಿದಾಗ ಸುಮಾರು 6.25 ಜೂಲ್ ಶಕ್ತಿ ಏಟಿನಲ್ಲಿರುತ್ತದೆ. ವೇಗವನ್ನು 50 ಕಿ.ಮೀ.ಗೆ ಇಳಿಸಿದರೆ ಅದು ಸುಮಾರು 1.9 ಜೂಲ್‌ಗೆ, ಅಂದರೆ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಗೆ ಇಳಿಯುತ್ತದೆ.

ಟ್ರೇಲರಿಗೆ ಬಡಿದ ಕಲ್ಲು ಅಲ್ಲಿಗೇ ನಿಲ್ಲುವುದಿಲ್ಲ. ಅನಿಲದ ಸಿಲಿಂಡರು, ಸಾಮಾನು ಪೆಟ್ಟಿಗೆ ಮುಂತಾದ ಗಡಸು ಭಾಗಗಳಿಗೆ ತಾಗಿ ಪುಟಿದು ಮುಂದಕ್ಕೆ ಹಾರಿ, ಎಳೆಯುವ ವಾಹನದ ಹಿಂಬದಿಯ ಗಾಜನ್ನು ಒಡೆಯಬಹುದು. ಮುಂಬದಿಯ ಗಾಜು ಪದರಗಳನ್ನು ಅಂಟಿಸಿ ಮಾಡಿದ್ದಾದುದರಿಂದ ಬಿರುಕು ಬಿಟ್ಟರೂ ನಿಂತಿರುತ್ತದೆ. ಹಿಂಬದಿಯದು ಸಾಮಾನ್ಯವಾಗಿ ಹದಗೊಳಿಸಿದ ಗಾಜು, ಒಡೆದರೆ ಇಡಿಯಾಗಿ ಚೂರುಚೂರಾಗುತ್ತದೆ. ಆದುದರಿಂದ ಟ್ರೇಲರಿನ ರಕ್ಷಣೆಯ ವಿಚಾರವು ವಾಹನದ ರಕ್ಷಣೆಯ ವಿಚಾರವೂ ಹೌದು.

ಹಾನಿಯ ಸ್ವರೂಪ

ಚಿಪ್ಪಿನ ಹೊರಮೈಯಲ್ಲಿ ಜೆಲ್‌ಕೋಟ್ ಎಂಬ ಬಣ್ಣದ ರಾಳದ ಪದರವಿರುತ್ತದೆ. ಇದರ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಇದರ ಹಿಂದೆ ಪಾಲಿಯೆಸ್ಟರ್ ರಾಳದಲ್ಲಿ ನೆನೆದ ಗಾಜಿನ ನಾರಿನ ಪದರಗಳು ಇರುತ್ತವೆ. ನಾರಿನ ಪದರ ಏಟಿಗೆ ಸ್ವಲ್ಪ ಬಾಗಿ ಹಿಂದಿರುಗುತ್ತದೆ. ಜೆಲ್‌ಕೋಟ್ ಗಡಸಾದುದರಿಂದ ಬಾಗಲಾರದೆ ಸೀಳುತ್ತದೆ. ಅಲ್ಯೂಮಿನಿಯಂ ಟ್ರೇಲರಿಗೆ ಕಲ್ಲು ಬಿದ್ದರೆ ನೆಗ್ಗುತ್ತದೆ. ಫೈಬರ್‌ಗ್ಲಾಸ್ ನೆಗ್ಗುವುದಿಲ್ಲ, ಚಕ್ಕೆ ಏಳುತ್ತದೆ ಅಥವಾ ಬಿರುಕು ಬಿಡುತ್ತದೆ.

ಸಣ್ಣ ಚಕ್ಕೆ ಏಳುವುದು, ನಕ್ಷತ್ರದಂತೆ ಹರಡಿದ ಕೂದಲೆಳೆಯ ಬಿರುಕುಗಳು, ನಾರಿನ ಪದರಗಳೇ ಬಿಟ್ಟುಕೊಳ್ಳುವುದು ಎಂದು ಹಾನಿಯನ್ನು ಮೂರು ಹಂತಗಳಲ್ಲಿ ಗುರುತಿಸಬಹುದು. ಮೊದಲ ಎರಡನ್ನು ಅಲಕ್ಷಿಸಿದರೆ ನೀರು ಬಿರುಕಿನ ಮೂಲಕ ನಾರಿನವರೆಗೆ ಇಳಿಯುತ್ತದೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ, ಶೀತಪ್ರದೇಶಗಳಲ್ಲಿ ಬಿರುಕು ಪ್ರತಿ ಚಳಿಗಾಲದಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಬೆಳೆಯುತ್ತದೆ.

ರಕ್ಷಣೆಯ ವಿಧಾನಗಳು

ಚಾಲನೆಯ ಕ್ರಮ

ಖರ್ಚಿಲ್ಲದ ಹಾಗೂ ಹೆಚ್ಚು ಫಲಕಾರಿಯಾದ ಉಪಾಯವೆಂದರೆ ವೇಗವನ್ನು ತಗ್ಗಿಸುವುದು. ಎದುರಿನಿಂದ ಭಾರಿ ಲಾರಿ ಬಂದಾಗ ವೇಗವನ್ನು ಇನ್ನಷ್ಟು ಇಳಿಸಿ, ಸಾಧ್ಯವಿದ್ದಷ್ಟು ಅಂಚಿಗೆ ಸರಿಯಬೇಕು. ಮುಂದಿನ ವಾಹನದಿಂದ, ಅದು ಎಬ್ಬಿಸುವ ಧೂಳು ಕಣ್ಣಿಗೆ ಅಡ್ಡಬಾರದಷ್ಟು ದೂರದಲ್ಲಿರುವುದು ಲೇಸು. ಟೈರಿನ ಗಾಳಿಯ ಒತ್ತಡವನ್ನು ತುಸು ಕಡಿಮೆ ಮಾಡುವ ರೂಢಿಯೂ ಉಂಟು. ಆದರೆ ಒತ್ತಡ ಇಳಿದ ಟೈರು ವೇಗದಲ್ಲಿ ಬಿಸಿಯೇರುವುದರಿಂದ, ಹೊರುವ ಭಾರಕ್ಕೆ ಬೇಕಾದ ಒತ್ತಡಕ್ಕಿಂತ ಕೆಳಗೆ ಎಂದಿಗೂ ಇಳಿಸಬಾರದು. ಮತ್ತೆ ಟಾರು ರಸ್ತೆಗೆ ಬಂದ ಕೂಡಲೇ ಮೊದಲಿನ ಪ್ರಮಾಣಕ್ಕೆ ಗಾಳಿ ತುಂಬಿಸಬೇಕು.

ಕಲ್ಲನ್ನು ಚಿಮ್ಮುವಲ್ಲಿಯೇ ತಡೆಯುವುದು

ಎಳೆಯುವ ವಾಹನದ ಹಿಂಚಕ್ರಗಳ ಹಿಂದೆ ಅಗಲವಾದ ರಬ್ಬರಿನ ಮಡ್‌ಫ್ಲ್ಯಾಪುಗಳನ್ನು ತೂಗುಹಾಕುವುದು ಮೊದಲ ಹೆಜ್ಜೆ. ಫ್ಲ್ಯಾಪು ಚಕ್ರಕ್ಕೆ ಮತ್ತು ನೆಲಕ್ಕೆ ಹತ್ತಿರವಿದ್ದಷ್ಟೂ ಹೆಚ್ಚು ಕಲ್ಲುಗಳನ್ನು ಹಿಡಿಯುತ್ತದೆ. ತೀರ ಕೆಳಗಿದ್ದರೆ ಹಳ್ಳದಿಣ್ಣೆಗಳಲ್ಲಿ ಉಜ್ಜಿ, ಹಿಂದಕ್ಕೆ ಚಲಿಸುವಾಗ ಚಕ್ರಕ್ಕೆ ಸಿಲುಕಿ ಹರಿಯುತ್ತದೆ. ತೆಳುವಾದ ಫ್ಲ್ಯಾಪು ಗಾಳಿಗೆ ಹಿಂದಕ್ಕೆ ಹಾರಿ ನಿಷ್ಪ್ರಯೋಜಕವಾಗುವುದರಿಂದ ದಪ್ಪ ರಬ್ಬರನ್ನು, ಕೆಳ ಅಂಚಿಗೆ ಲೋಹದ ಪಟ್ಟಿ ಸಹಿತ, ಬಳಸುತ್ತಾರೆ. ಎಳೆಕೊಕ್ಕೆಗೆ ಅಡ್ಡಪಟ್ಟಿಯನ್ನು ಜೋಡಿಸಿ ವಾಹನದ ಅಗಲದುದ್ದಕ್ಕೂ ತೂಗುವ ಫ್ಲ್ಯಾಪುಗಳೂ ದೊರೆಯುತ್ತವೆ. ಇವು ಹೊಗೆಕೊಳವೆಯ ಬಾಯಿಗೆ ಹತ್ತಿರವಿದ್ದರೆ ರಬ್ಬರು ಕರಗುವುದರಿಂದ ಅಂತರವನ್ನು ಮೊದಲೇ ನೋಡಿಕೊಳ್ಳಬೇಕು.

ನಡುವಿನ ಜಾಲರಿ

ಆಸ್ಟ್ರೇಲಿಯದಲ್ಲಿ ವಾಹನದ ಹಿಂಭಾಗಕ್ಕೂ ಟ್ರೇಲರಿನ ಮುಂಭಾಗಕ್ಕೂ ನಡುವೆ ಗಟ್ಟಿಯಾದ ಜಾಲರಿಯ ಬಟ್ಟೆಯನ್ನು ಬಿಗಿಯುವ ಪದ್ಧತಿ ಬಳಕೆಯಲ್ಲಿದೆ. ಕೆಳಗಿನಿಂದ ಚಿಮ್ಮಿದ ಕಲ್ಲು ಜಾಲರಿಗೆ ತಾಗಿ ಮತ್ತೆ ನೆಲಕ್ಕೆ ಬೀಳುತ್ತದೆ, ಗಾಳಿ ಮಾತ್ರ ರಂಧ್ರಗಳ ಮೂಲಕ ಹಾದುಹೋಗುತ್ತದೆ. ತಿರುವುಗಳಲ್ಲಿ ಹರಿಯದಂತೆ ಸಡಿಲವನ್ನು ಬಿಟ್ಟು ಕಟ್ಟಬೇಕು. ಸುರಕ್ಷಾ ಸರಪಣಿ ಹಾಗೂ ಟ್ರೇಲರು ಕಳಚಿದರೆ ಬ್ರೇಕು ಹಾಕುವ ತಂತಿ ಜಾಲರಿಗೆ ಸಿಕ್ಕಿಕೊಳ್ಳಬಾರದು.

ಮುಂಭಾಗದ ಗುರಾಣಿ

ಎತ್ತಿನ ಗಾಡಿಯ ಮೂಕಿಯಂತೆ ಟ್ರೇಲರಿನಿಂದ ಮುಂದಕ್ಕೆ ಚಾಚಿದ ಉಕ್ಕಿನ ಚೌಕಟ್ಟಿನ ಮೇಲೆ ಹಲಗೆ, ಅಲ್ಯೂಮಿನಿಯಂ ತಗಡು ಅಥವಾ ದಪ್ಪ ರಬ್ಬರಿನ ಗುರಾಣಿಯನ್ನು ನಿಲ್ಲಿಸಬಹುದು. ನೆಟ್ಟಗೆ ನಿಲ್ಲಿಸಿದ ಗಡಸು ಗುರಾಣಿ ಕಲ್ಲನ್ನು ನೇರವಾಗಿ ವಾಹನದ ಗಾಜಿನತ್ತ ಹಿಂದಿರುಗಿಸುತ್ತದೆ. ಆದುದರಿಂದ ಅದರ ಮುಖವು ನೆಲದ ಕಡೆಗೆ ಓರೆಯಾಗಿರಬೇಕು, ಅಥವಾ ಏಟನ್ನು ಹೀರುವಂತೆ ಹಳೆಯ ಜಮಖಾನೆಯನ್ನೋ ರಬ್ಬರು ಚಾಪೆಯನ್ನೋ ಮುಂದೆ ಹೊದಿಸಿರಬೇಕು.

ಮೈಗೆ ಹಚ್ಚುವ ಲೇಪ ಮತ್ತು ಹೊದಿಕೆ

ಪಾರದರ್ಶಕವಾದ ಪಾಲಿಯುರೆಥೇನ್ ಹಾಳೆಯನ್ನು ಚಿಪ್ಪಿನ ಮುಂಭಾಗಕ್ಕೆ ಅಂಟಿಸುವುದು ನೋಟಕ್ಕೆ ಧಕ್ಕೆ ತಾರದ ವಿಧಾನ. ಇದು ಸಣ್ಣ ಕಲ್ಲುಗಳನ್ನು ತಡೆಯುತ್ತದೆ, ದೊಡ್ಡ ಕಲ್ಲಿಗೆ ಸಾಲದು. ಹಳೆಯ ಟ್ರೇಲರುಗಳಲ್ಲಿ ಜೆಲ್‌ಕೋಟ್ ಸುಣ್ಣದಂತೆ ಪುಡಿಯಾಗಿರುತ್ತದೆ. ಆ ಪುಡಿಯನ್ನೂ ಮೇಣವನ್ನೂ ಪೂರ್ತಿ ತೆಗೆಯದೆ ಹಾಳೆ ಹಿಡಿಯುವುದಿಲ್ಲ. ಪಿಕಪ್ ವಾಹನದ ಸರಕು ತೊಟ್ಟಿಗೆ ಬಳಿಯುವ ದಪ್ಪನೆಯ ರಬ್ಬರಿನಂತಹ ಲೇಪವನ್ನು ಚಿಪ್ಪಿನ ಕೆಳ ಅರ್ಧಕ್ಕೆ ಬಳಿಯುವವರೂ ಇದ್ದಾರೆ. ಇದು ಬಲವಾದ ರಕ್ಷಣೆ, ಆದರೆ ಒಮ್ಮೆ ಬಳಿದರೆ ತೆಗೆಯುವುದು ಬಹು ಕಷ್ಟ.

ಒಂದು ಪ್ರಯಾಣಕ್ಕಷ್ಟೇ ಬೇಕಾದಲ್ಲಿ ಸ್ಪಂಜಿನ ಹಾಳೆ ಅಥವಾ ಪೊಳ್ಳು ಪ್ಲಾಸ್ಟಿಕ್ ಹಲಗೆಯನ್ನು ಟೇಪಿನಿಂದ ಅಂಟಿಸಬಹುದು. ಅಂಚುಗಳು ಸಡಿಲವಾದರೆ ಒಳಗೆ ಮರಳು ಸೇರಿ, ಹೊದಿಕೆ ಗಾಳಿಗೆ ಅದುರಿದಂತೆಲ್ಲ ಮರಳುಕಾಗದದಂತೆ ಜೆಲ್‌ಕೋಟನ್ನು ಉಜ್ಜುತ್ತದೆ. ಕಲ್ಲಿಗಿಂತ ಹೊದಿಕೆಯೇ ಹೆಚ್ಚು ಹಾನಿ ಮಾಡುವ ಸಂದರ್ಭ ಇದು. ಆದುದರಿಂದ ಎಲ್ಲ ಅಂಚುಗಳನ್ನೂ ಮುಚ್ಚಿ, ಪ್ರತಿದಿನ ಪರೀಕ್ಷಿಸಿ, ಪ್ರಯಾಣ ಮುಗಿದ ಕೂಡಲೇ ತೆಗೆಯಬೇಕು.

ಕಿಟಕಿಗಳು

ಮುಂಭಾಗದಲ್ಲಿ ಕಿಟಕಿಯಿರುವ ಟ್ರೇಲರುಗಳಿಗೆ ಮೇಲಿನಿಂದ ಮಡಚಿ ಇಳಿಸುವ ಫೈಬರ್‌ಗ್ಲಾಸಿನ ಅಥವಾ ಪಾಲಿಕಾರ್ಬೊನೇಟಿನ ಮುಚ್ಚಳವನ್ನು ಜೋಡಿಸುತ್ತಾರೆ. ಪಾಲಿಕಾರ್ಬೊನೇಟ್ ಏಟನ್ನು ಅಕ್ರಿಲಿಕ್‌ಗಿಂತ ಚೆನ್ನಾಗಿ ತಾಳುತ್ತದೆ, ಆದರೆ ಬೇಗ ಗೀಚುತ್ತದೆ ಮತ್ತು ರಕ್ಷಕ ಲೇಪವಿಲ್ಲದಿದ್ದರೆ ಬಿಸಿಲಿಗೆ ಹಳದಿಯಾಗುತ್ತದೆ. ಇವೆರಡನ್ನೂ ಅಸಿಟೋನಿನಿಂದ ಒರೆಸಬಾರದು. ಎಳೆಯುವ ವಾಹನದ ಹಿಂಗಾಜಿಗೂ ಸ್ಪಂಜು ಅಥವಾ ರಟ್ಟಿನ ಹೊದಿಕೆ ಹಾಕಬಹುದು. ಆಗ ಹಿಂದಿನ ನೋಟಕ್ಕೆ ಪಕ್ಕದ ಕನ್ನಡಿಗಳನ್ನೇ ಅವಲಂಬಿಸಬೇಕಾಗುವುದರಿಂದ, ಅವು ಟ್ರೇಲರಿನ ಅಗಲವನ್ನು ಮೀರಿ ಕಾಣುವಂತಿರಬೇಕು.

ತಳಭಾಗ

ಕಣ್ಣಿಗೆ ಬೀಳದಿರುವ ತಳಭಾಗಕ್ಕೆ ಹೆಚ್ಚು ಗಮನ ಬೇಕು. ಅಲ್ಲಿಗೆ ಕಲ್ಲು ಎಸೆಯುವುದು ಟ್ರೇಲರಿನದೇ ಚಕ್ರಗಳು. ಅನಿಲದ ಕೊಳವೆ, ನೀರು ಬಿಡುವ ಕವಾಟ, ಬಚ್ಚಲು ನೀರಿನ ಕೊಳವೆ, ಬ್ರೇಕಿನ ವಿದ್ಯುತ್ ತಂತಿಗಳು ಇವೆಲ್ಲ ಅಲ್ಲಿಯೇ ಇರುತ್ತವೆ. ತಂತಿಗಳನ್ನು ಹಳೆಯ ರಬ್ಬರು ಕೊಳವೆಯೊಳಗೆ ತೂರಿಸಿ ಚೌಕಟ್ಟಿಗೆ ಕಟ್ಟುವುದು, ಕವಾಟಗಳ ಮುಂದೆ ತಗಡಿನ ಸಣ್ಣ ತಡೆಯನ್ನು ಇರಿಸುವುದು, ಚಕ್ರದ ಗೂಡಿನ ಒಳಮೈಗೆ ದಪ್ಪ ಲೇಪ ಬಳಿಯುವುದು ರೂಢಿಯಲ್ಲಿರುವ ಉಪಾಯಗಳು.

ಚಲಿಸುವಾಗ ಅನಿಲದ ಸಿಲಿಂಡರಿನ ಕವಾಟವನ್ನು ಮುಚ್ಚಿರುವುದು ಅತ್ಯಂತ ಮುಖ್ಯ. ಕವಾಟ ಮುಚ್ಚಿದ್ದರೆ, ದಾರಿಯಲ್ಲಿ ಕೊಳವೆ ತುಂಡಾದರೂ ಅದರಲ್ಲಿ ಉಳಿದಷ್ಟು ಅನಿಲ ಮಾತ್ರ ಹೊರಹೋಗುತ್ತದೆ. ಶೀತಪೆಟ್ಟಿಗೆಯ ಬಾಗಿಲನ್ನು ತೆರೆಯದಿದ್ದರೆ ಆಹಾರ ಕೆಲವು ಗಂಟೆಗಳ ಕಾಲ ಕೆಡದೆ ಇರುತ್ತದೆ. ಜಲ್ಲಿ ರಸ್ತೆಯ ನಂತರ ಮತ್ತೆ ಕವಾಟ ತೆರೆದಾಗ ಸಾಬೂನಿನ ನೀರನ್ನು ಹಚ್ಚಿ, ಗುಳ್ಳೆ ಏಳುವುದೇ ಎಂದು ಕೀಲುಗಳನ್ನು ಪರೀಕ್ಷಿಸುವುದು ಕ್ಷೇಮ.

ಪರೀಕ್ಷೆ ಮತ್ತು ದುರಸ್ತಿ

ದಾರಿಯಲ್ಲಿ ಕಂಡ ಚಕ್ಕೆಯನ್ನು ಒಣಗಿಸಿ ಟೇಪಿನಿಂದ ಮುಚ್ಚಿದರೆ ಸದ್ಯಕ್ಕೆ ಸಾಕು. ಮನೆಗೆ ಬಂದ ಮೇಲೆ ಚಿಪ್ಪನ್ನು ತೊಳೆದು, ಓರೆಯಾದ ಬೆಳಕಿನಲ್ಲಿ ನೋಡಿದರೆ ಕೂದಲೆಳೆಯ ಬಿರುಕುಗಳೂ ಕಾಣಿಸುತ್ತವೆ. ಏಟು ಬಿದ್ದ ಜಾಗವನ್ನು ನಾಣ್ಯದಿಂದ ಮೆಲ್ಲನೆ ತಟ್ಟಿದಾಗ ಸುತ್ತಲಿನದಕ್ಕಿಂತ ಮಂಕಾದ ಸದ್ದು ಬಂದರೆ ಪದರಗಳು ಬಿಟ್ಟಿರುವ ಸಂಭವವಿದೆ. ಇದಕ್ಕೆ ಹೊಸ ನಾರು ಮತ್ತು ರಾಳದ ತೇಪೆ ಬೇಕಾಗುತ್ತದೆ.

ಬಿರುಕನ್ನು ಮೇಲೆಮೇಲೆ ಬಳಿದು ಮುಚ್ಚಿದರೆ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಮೊದಲು ಬಿರುಕಿನುದ್ದಕ್ಕೂ ಕಿರಿದಾದ ಓರೆಗಾಲುವೆಯನ್ನು ಕೆರೆದು, ಅಸಿಟೋನಿನಿಂದ ಒರೆಸಿ, ಗಟ್ಟಿಕಾರಕ ಬೆರೆಸಿದ ಜೆಲ್‌ಕೋಟನ್ನು ತುಂಬಬೇಕು. ಸಾಮಾನ್ಯ ಜೆಲ್‌ಕೋಟಿನ ಮೇಲ್ಮೈ ಗಾಳಿ ತಾಗಿದರೆ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುವುದರಿಂದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುತ್ತಾರೆ, ಅಥವಾ ಮೇಣ ಬೆರೆಸಿದ ಬಗೆಯನ್ನು ಬಳಸುತ್ತಾರೆ. ಗಟ್ಟಿಯಾದ ನಂತರ ನೀರು ಹಾಕಿ ಮರಳುಕಾಗದದಿಂದ, ಒರಟಿನಿಂದ ನಯಕ್ಕೆ ಕ್ರಮವಾಗಿ ಉಜ್ಜಿ ಹೊಳಪು ಕೊಡಬೇಕು. ರಾಳದ ಆವಿ ಮತ್ತು ಗಾಜಿನ ನಾರಿನ ಧೂಳು ಶ್ವಾಸಕೋಶಕ್ಕೆ ಹಾನಿಕರ, ಗಟ್ಟಿಕಾರಕ ಕಣ್ಣಿಗೆ ಅಪಾಯಕರ. ಗಾಳಿಯಾಡುವ ಸ್ಥಳದಲ್ಲಿ ಮುಖಗವಸು, ಕನ್ನಡಕ, ಕೈಗವಸುಗಳನ್ನು ಧರಿಸಿಯೇ ಈ ಕೆಲಸ ಮಾಡಬೇಕು.

ಮಿತಿಗಳು

ಯಾವ ಒಂದು ಸಾಧನವೂ ಪೂರ್ಣ ರಕ್ಷಣೆ ನೀಡುವುದಿಲ್ಲ. ಫ್ಲ್ಯಾಪು ಎದುರಿನ ಲಾರಿಯ ಕಲ್ಲನ್ನು ತಡೆಯದು, ಅಂಟಿಸಿದ ಹಾಳೆ ತಳದ ಕೊಳವೆಯನ್ನು ಕಾಯದು. ಆದುದರಿಂದ ಅನುಭವಿಗಳು ಎರಡು ಮೂರು ವಿಧಾನಗಳನ್ನು ಜೊತೆಗೂಡಿಸುತ್ತಾರೆ. ಖರ್ಚನ್ನು ಮಿತಿಗೊಳಿಸಬೇಕಾದಲ್ಲಿ ಮೊದಲು ಅನಿಲ ಮತ್ತು ಬ್ರೇಕಿನ ಭಾಗಗಳಿಗೆ, ಅನಂತರ ಗಾಜುಗಳಿಗೆ, ಕೊನೆಯಲ್ಲಿ ಚಿಪ್ಪಿನ ಹೊಳಪಿಗೆ ಗಮನ ಕೊಡುವುದು ಯುಕ್ತವಾದ ಕ್ರಮ. ನಿಧಾನ ಚಾಲನೆಯೊಂದು ಮಾತ್ರ ಈ ಮೂರಕ್ಕೂ ಏಕಕಾಲದಲ್ಲಿ ಅನ್ವಯಿಸುತ್ತದೆ.