ಕೊಟ್ಟಿಗೆಗೆ ಏನು ಸಿಕ್ಕಿತು?

ಹೊಗೆಸೊಪ್ಪು ಕೊಟ್ಟಿಗೆಗೆ ಏನನ್ನೂ ಕೊಡುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಸೀಮೆಯ ಬೇಸಾಯದ ಬಗ್ಗೆ ಮಾತಾಡುವ ಯಾರೇ ಆಗಲಿ ಮೊದಲು ಗಮನಿಸಬೇಕಾದ ಸಂಗತಿ ಇದು. ಎಲೆ ಮುರಿದು ಬ್ಯಾರನ್‌ನಲ್ಲಿ ಬೇಯಿಸಿ ಹದ ಮಾಡಿದರೆ ಅಲ್ಲಿಂದ ನೇರ ಕಟ್ಟೆಮಳಲವಾಡಿಯಂಥ ಹರಾಜು ಮಾರುಕಟ್ಟೆಗೆ. ಹೊಲದಲ್ಲಿ ನಿಂತ ದಂಟನ್ನು ದನ ಮೂಸುವುದೂ ಇಲ್ಲ. ಆಡು ಕೂಡ ದೂರ ಸರಿಯುತ್ತದೆ. ಆದರೆ ಸಸಿ ನೆಡುವ ಮುಂಚೆ ಇದೇ ಬೆಳೆ ಗಾಡಿಗಟ್ಟಲೆ ಕೊಟ್ಟಿಗೆ ಗೊಬ್ಬರ ಕೇಳುತ್ತದೆ. ತಿಪ್ಪೆಯಿಂದ ತೆಗೆದುಕೊಂಡದ್ದನ್ನು ತಿಪ್ಪೆಗೆ ಹಿಂದಿರುಗಿಸದ ಬೆಳೆ.

ರಾಗಿಯದು ಬೇರೆ ರೀತಿ. ಕಾಳು ಮನೆಗೆ, ಹುಲ್ಲು ಮೆದೆಗೆ. ಅಕ್ಕಡಿ ಸಾಲಿನಲ್ಲಿ ಹಾಕಿದ ಅವರೆ, ಹುಚ್ಚೆಳ್ಳು ಅಡುಗೆಮನೆಗೆ. ಜೋಳದ ದಂಟು, ಅವರೆಯ ಹೊಟ್ಟು ಮತ್ತೆ ದನಕ್ಕೆ. ಆ ದನದ ಸಗಣಿ, ಗಂಜಲ, ತಿಂದು ಬಿಟ್ಟ ಕಡ್ಡಿ ಎಲ್ಲ ಸೇರಿ ಮುಂದಿನ ವರ್ಷದ ಹೊಲಕ್ಕೆ. ಒಂದೆರಡು ಎಕರೆಯ ಮನೆ ಕೆಟ್ಟ ವರ್ಷವನ್ನೂ ದಾಟಿ ಬರುವುದು ಈ ಕೊಡುಕೊಳ್ಳುವಿಕೆಯಿಂದ. ಮಳೆ ಕೈಕೊಟ್ಟು ತೆನೆ ಜೊಳ್ಳಾದರೂ ಹುಲ್ಲು ಉಳಿಯುತ್ತದೆ, ಹುಲ್ಲಿದ್ದರೆ ಹಸು ಉಳಿಯುತ್ತದೆ. ಹೊಗೆಸೊಪ್ಪಿನ ಹಣ ವರ್ಷಕ್ಕೊಮ್ಮೆ ಕೈಗೆ ಬಂದು ಸಾಲಕ್ಕೆ ಹೋಗುತ್ತದೆ. ಡೈರಿಯ ದುಡ್ಡು ವಾರ, ಹದಿನೈದು ದಿನಕ್ಕೆ ಬರುತ್ತದೆ. ಮಕ್ಕಳ ಫೀಸು, ಮನೆಯ ಸಾಮಾನು ಎಲ್ಲ ಅದರಲ್ಲೇ.

ಬೆಳೆ ಮತ್ತು ದನ ಕೂಡಿದ ಈ ಪದ್ಧತಿಯನ್ನು ಹಿಂದುಳಿದದ್ದು ಎಂದು ತಳ್ಳಿಹಾಕುತ್ತಿದ್ದ ಕಾಲವಿತ್ತು. ನೈರೋಬಿಯ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯ ಮಾರಿಯೋ ಹೆರೆರೋ ಮತ್ತು ಸಂಗಡಿಗರು 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಆ ಮಾತಿಗೆ ಉತ್ತರ ಕೊಟ್ಟಿತು: ಜಗತ್ತಿನ ಆಹಾರದಲ್ಲಿ ಸುಮಾರು ಅರ್ಧದಷ್ಟು ಬರುವುದು ಇಂಥ ಮಿಶ್ರ ಬೇಸಾಯದಿಂದ.

ನಮ್ಮಲ್ಲೇ ಅದಕ್ಕೂ ಮುಂಚೆ ಒಳ್ಳೆಯ ಕೆಲಸ ನಡೆದಿತ್ತು. 1980–90ರ ದಶಕಗಳ ಇಂಡೋ-ಡಚ್ ಯೋಜನೆಯೊಂದು ಬೆಳೆಯ ಉಳಿಕೆಯನ್ನೇ ಮೇವಾಗಿ ಅಧ್ಯಯನ ಮಾಡಿತು. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ ಕರಗಿಸಿದ ನೀರು ಚಿಮುಕಿಸಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಟ್ಟರೆ ಹುಲ್ಲು ಮೆದುವಾಗಿ ದನಕ್ಕೆ ಚೆನ್ನಾಗಿ ಅರಗುತ್ತದೆ ಎಂಬುದು ಆ ಕಾಲದ ದೊಡ್ಡ ಸುದ್ದಿ. ಪ್ರಯೋಗಾಲಯದಲ್ಲಿ ಗೆದ್ದ ಈ ವಿಧಾನ ಹಳ್ಳಿಯಲ್ಲಿ ಅಷ್ಟಾಗಿ ನೆಲೆ ನಿಲ್ಲಲಿಲ್ಲ. ನೀರು, ಯೂರಿಯಾ, ಕೂಲಿ ಮೂರೂ ಬೇಕು. ಹಸಿ ಮೇವು ಸಿಗುವ ತಿಂಗಳಲ್ಲಿ ಅದು ಬೇಕೂ ಇಲ್ಲ. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಸದ್ದಿಲ್ಲದೆ ಹೊರಬಂದ ಇನ್ನೊಂದು ಫಲಿತಾಂಶ. ಎ. ಸುಬ್ಬರಾವ್ ಮತ್ತು ಸಂಗಡಿಗರು ಮಿಶ್ರತಳಿಯ ಕಡಸುಗಳಿಗೆ ರಾಗಿ ಹುಲ್ಲನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ ನೋಡಿ 1994ರಲ್ಲಿ ಅದನ್ನು ಪ್ರಕಟಿಸಿದರು. ಧಾರಾಳವಾಗಿ ಹಾಕಿದರೆ ದನ ಗರಿಯನ್ನು ಆರಿಸಿ ತಿನ್ನುತ್ತದೆ, ಒರಟು ಕಡ್ಡಿಯನ್ನು ಬಿಡುತ್ತದೆ, ಒಟ್ಟಾರೆ ಹೆಚ್ಚು ತಿನ್ನುತ್ತದೆ. ಬಿಟ್ಟದ್ದು ನಷ್ಟವಲ್ಲ, ಗೊಬ್ಬರದ ಗುಂಡಿಗೆ ಸಲ್ಲುವ ಪಾಲು. ಕೊಟ್ಟಿಗೆಯ ಹೆಣ್ಣುಮಕ್ಕಳು ದಿನವೂ ಕಾಣುವುದನ್ನೇ ತೂಕ ಹಾಕಿ ತೋರಿಸಿದ ಸಂಶೋಧನೆ ಅದು.

ಹುಣಸೂರು ತಾಲ್ಲೂಕಿನ ಗುರುಪುರದ ಸುತ್ತ ಇದನ್ನು ಅನ್ವಯಿಸಿ ನೋಡಬೇಕು. 1970ರ ದಶಕದಿಂದ ಇಲ್ಲಿ ಟಿಬೆಟನ್ ನಿರಾಶ್ರಿತರ ರಬ್ಗೈಲಿಂಗ್ ನೆಲೆಯಿದೆ. ನಾಗರಹೊಳೆಯ ಕಾಡು ಪಕ್ಕದಲ್ಲೇ, ಆನೆಯ ಕಾಟ ತಪ್ಪಿದ್ದಲ್ಲ. ಟಿಬೆಟನ್ನರ ಮುಖ್ಯ ಬೆಳೆ ಮುಸುಕಿನ ಜೋಳ, ಅಕ್ಕಪಕ್ಕದ ಕನ್ನಡದ ಊರುಗಳದು ರಾಗಿ, ಹೊಗೆಸೊಪ್ಪು. ಮುಸುಕಿನ ಜೋಳದ ದಂಟು ಒಳ್ಳೆಯ ಮೇವೇ. ಆದರೆ ಕತ್ತರಿಸದೆ ಹಾಕಿದರೆ ಇಲ್ಲೂ ದನ ಗರಿ ತಿಂದು ದಪ್ಪ ದಂಟು ಬಿಡುತ್ತದೆ; ಮೇವು ಸಾಲದ ಮನೆಗೆ ಅಷ್ಟನ್ನು ಬಿಡಲಾಗದು. ಊರಿಗೊಂದು ಮೇವು ಕತ್ತರಿಸುವ ಯಂತ್ರ ಈ ಎರಡೂ ಕಡೆಯವರಿಗೆ ಯೂರಿಯಾ ಪ್ರಯೋಗಕ್ಕಿಂತ ಹೆಚ್ಚು ಒದಗೀತು.

ಹೊಗೆಸೊಪ್ಪಿನವರಿಗೂ ಒಂದು ದಾರಿ ಈಗಾಗಲೇ ಗೊತ್ತಿದೆ. ಮೇ ತಿಂಗಳಲ್ಲೇ ನೆಟ್ಟು, ಎಲೆ ಮುರಿದು ಮುಗಿದ ಮೇಲೆ ಹಿಂಗಾರು ನಂಬಿ ಅದೇ ಹೊಲಕ್ಕೆ ರಾಗಿಯನ್ನೋ ಹುರುಳಿಯನ್ನೋ ಹಾಕುವುದು. ಕೊಟ್ಟಿಗೆ ಉಳಿದಿರುವುದು ಈ ಎರಡನೇ ಬೆಳೆಯಿಂದ. ನಾಟಿ ಹದಿನೈದು ದಿನ ತಡವಾದರೆ ಪೆಟ್ಟು ಬೀಳುವುದು ಮೆದೆಗೆ.

ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. ಅದರ 17ನೇ ವಿಧಿ ಬೆಳೆಗಾರರಿಗೆ ಪರ್ಯಾಯಗಳನ್ನು ಉತ್ತೇಜಿಸಬೇಕು ಎನ್ನುತ್ತದೆ. ಆದರೆ ಪರ್ಯಾಯ ಬೆಳೆಯ ಮಾತು ಬಂದಾಗಲೆಲ್ಲ ಎಕರೆಗೆ ಎಷ್ಟು ರೂಪಾಯಿ ಎಂಬ ಒಂದೇ ಪ್ರಶ್ನೆ ಏಳುತ್ತದೆ. ಆ ಲೆಕ್ಕದಲ್ಲಿ ಹೊಗೆಸೊಪ್ಪೇ ಗೆಲ್ಲುತ್ತದೆ. ಹಾಗಾಗಿ ಹುಣಸೂರಿನಲ್ಲಿ ಪರ್ಯಾಯ ಬೆಳೆಯನ್ನು ಪರೀಕ್ಷಿಸುವ ತಾಕುಗಳಲ್ಲಿ ಕಾಳಿನ ಜೊತೆಗೆ ಹುಲ್ಲನ್ನೂ ತೂಗಲಿ. ಕೊಂಡು ತರುವ ಹಿಂಡಿ, ಬೂಸಾ ಎಷ್ಟು ಉಳಿಯಿತು, ಹೊಲಕ್ಕೆ ಮರಳಿದ ಗೊಬ್ಬರ ಎಷ್ಟು ಗಾಡಿ, ಬ್ಯಾರನ್ನಿಗೆ ಸುಡದೆ ಉಳಿದ ಸೌದೆ ಎಷ್ಟು ಎಂಬುದನ್ನೂ ಅದೇ ಪುಸ್ತಕದಲ್ಲಿ ಬರೆಯಲಿ. ಆ ತಾಕುಗಳ ಮಗ್ಗುಲಲ್ಲೇ ಎರಡು ಹಸುಗಳ ಒಂದು ಕೊಟ್ಟಿಗೆಯೂ ಇರಲಿ.