ಹುಳುವಿಗೆ ಜೀನಿನ ಕೊರತೆಯಿಲ್ಲ

ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕುಗಳಲ್ಲಿ ತೊಗರಿ, ಉದ್ದು, ಕಬ್ಬಿನ ನಡುವೆ ಬಾವಿ ನೀರಿನ ಆಸರೆಯಲ್ಲಿ ಒಂದಿಷ್ಟು ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕುವ ರೈತ ಬಾಂಧವರೇ, ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ಮೇಯುವ ಸದ್ದನ್ನು ನೀವು ಕೇಳಿಯೇ ಇದ್ದೀರಿ. ಹೊರಗೆ ಮಳೆ ಬಂತೇನೋ ಎನ್ನಿಸುವಂತಹ ಸದ್ದು ಅದು. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80 ಭಾಗಕ್ಕೂ ಹೆಚ್ಚನ್ನು ಈ ಕೊನೆಯ ಹಂತದಲ್ಲೇ ತಿನ್ನುತ್ತದೆ. ಆ ಕೆಲವು ದಿನಗಳಲ್ಲಿ ಅದರ ಒಡಲೊಳಗೆ ನಡೆಯುವ ಕೆಲಸವನ್ನು ತಿಳಿದುಕೊಂಡರೆ ಹಣ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ತಾನಾಗಿ ಗೊತ್ತಾಗುತ್ತದೆ.

ರೇಷ್ಮೆ ನೂಲಿನ ತಿರುಳು ಫೈಬ್ರಾಯಿನ್ ಎಂಬ ಪ್ರೋಟೀನು. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರದಂತೆ ಅದರ ರಚನೆ. ಅದರ ದೊಡ್ಡ ಸರದಲ್ಲಿ 5,263 ಮಣಿಗಳಿವೆ. ನೂರರಲ್ಲಿ ಸುಮಾರು 46 ಗ್ಲೈಸಿನ್, 30 ಅಲನಿನ್, 12 ಸೆರಿನ್, ಉಳಿದವು ಅಲ್ಪಸ್ವಲ್ಪ. ಬೇರೆ ಪ್ರೋಟೀನುಗಳಲ್ಲಿ ಎರಡು ಮೂರು ಮಣಿಗಳದೇ ಇಷ್ಟು ಮೇಲುಗೈ ಕಾಣುವುದು ಅಪರೂಪ.

ಈ ಮಣಿಗಳನ್ನು ಪೋಣಿಸುವ ಜಾಗಕ್ಕೆ ಹೊತ್ತು ತರುವ ಗಾಡಿಗಳೇ ಟಿ-ಆರ್‌ಎನ್‌ಎಗಳು. ಒಂದೊಂದು ಗಾಡಿಗೆ ಒಂದೊಂದೇ ಸರಕು: ಗ್ಲೈಸಿನ್ ಗಾಡಿ ಅಲನಿನ್ ಹೇರುವುದಿಲ್ಲ. ಕಬ್ಬು ನುರಿಸುವ ಕಾಲದಲ್ಲಿ ಕಾರ್ಖಾನೆ ಒಂದೇ ಇದ್ದರೂ ಗಾಡಿ ನೂರಾರು ಬೇಕಲ್ಲವೇ, ಹಾಗೆಯೇ ಇಲ್ಲಿಯೂ. ಫೈಬ್ರಾಯಿನ್ನಿನ ದೊಡ್ಡ ಸರದ ನಕ್ಷೆಯನ್ನು ಹೊತ್ತ ಜೀನು, ಹುಳು ತಾಯಿಯಿಂದ ಪಡೆದ ಪಾಲಿನಲ್ಲಿ ಒಂದು, ತಂದೆಯಿಂದ ಪಡೆದ ಪಾಲಿನಲ್ಲಿ ಒಂದು, ಅಷ್ಟೇ. ಗಾಡಿ ಕಟ್ಟುವ ಜೀನುಗಳಾದರೋ ಹಲವಾರು ಪ್ರತಿಗಳಲ್ಲಿವೆ.

ಹೀಗೇಕೆ? ಫೈಬ್ರಾಯಿನ್ ಜೀನಿನಿಂದ ಹೊರಟ ಒಂದು ನಕಲು ಪ್ರತಿಯನ್ನು ಕೋಶವು ಸಾವಿರಾರು ಸಲ ಓದಿ, ಓದಿದಷ್ಟು ಸಲವೂ ಒಂದು ಸರ ಕಟ್ಟಬಲ್ಲದು. ಗಾಡಿಯ ವಿಷಯ ಹಾಗಲ್ಲ. ಜೀನಿನಿಂದ ಹೊರಟದ್ದೇ ಗಾಡಿ; ಇನ್ನೊಂದು ಬೇಕಾದರೆ ಮತ್ತೆ ಜೀನಿನ ಬಳಿಗೇ ಹೋಗಬೇಕು. ಆದ್ದರಿಂದಲೇ ಪ್ರಾಣಿಗಳೆಲ್ಲವೂ ಟಿ-ಆರ್‌ಎನ್‌ಎ ಜೀನುಗಳನ್ನು ಹಲವು ಪ್ರತಿಗಳಲ್ಲಿ ಇಟ್ಟುಕೊಂಡಿವೆ.

ಇಟ್ಟುಕೊಂಡ ಬಗೆ ಮಾತ್ರ ಒಂದೊಂದರದು ಒಂದೊಂದು ತರಹ. ಆಫ್ರಿಕಾದ ಒಂದು ಜಾತಿಯ ಕಪ್ಪೆಯಲ್ಲಿ 3,180 ಅಕ್ಷರಗಳ ಒಂದು ತುಂಡಿನಲ್ಲಿ ಇಂತಹ ಎಂಟು ಜೀನುಗಳಿದ್ದು, ಆ ತುಂಡೇ ಸುಮಾರು 150 ಸಲ ಒಂದರ ಹಿಂದೊಂದು ಸಾಲುಗಟ್ಟಿದೆ, ಕೂರಿಗೆಯಲ್ಲಿ ಬಿತ್ತಿದಂತೆ. ಮನುಷ್ಯನಲ್ಲಿ 2001ರಲ್ಲಿ ಪ್ರಕಟವಾದ ಎಣಿಕೆಯಂತೆ 497 ಜೀನುಗಳು. ಅವುಗಳಲ್ಲಿ 140 ಆರನೇ ವರ್ಣತಂತುವಿನ ಒಂದೇ ಮೂಲೆಯಲ್ಲಿ ಗುಂಪುಗೂಡಿವೆ, ಉಳಿದವು ಅಲ್ಲಲ್ಲಿ ಚದುರಿವೆ. ನಮ್ಮ ದೇವಣಿ ಹಸುವೂ ಸೇರಿದಂತೆ ಮೆಲುಕು ಹಾಕುವ ಜಾನುವಾರುಗಳ ಕಥೆ ಇನ್ನೂ ತಮಾಷೆಯದು. ಟಿ-ಆರ್‌ಎನ್‌ಎ ಜೀನಿನಿಂದ ಹುಟ್ಟಿ ಕೆಟ್ಟುಹೋದ ಚೂರುಗಳು ಅವುಗಳಲ್ಲಿ ಲಕ್ಷಗಟ್ಟಲೆ ಹರಡಿಕೊಂಡಿವೆ. ಇವು ಗಾಡಿ ಕಟ್ಟುವುದಿಲ್ಲ. ಹೊಲದಲ್ಲಿ ಕರಿಕೆ ಹಬ್ಬಿದಂತೆ ಹಬ್ಬಿವೆ, ಅಷ್ಟೇ.

ರೇಷ್ಮೆ ಹುಳುವಿಗೆ ಮರಳೋಣ. ಇದರಲ್ಲಿ ಅಲನಿನ್ ಹೊರುವ ಗಾಡಿ ಎರಡು ಬಗೆ. ಒಂದು ಬಗೆಯದು ಮೈಯ ಎಲ್ಲ ಭಾಗಗಳಲ್ಲೂ ದಿನನಿತ್ಯದ ಕೆಲಸಕ್ಕೆ. ಇನ್ನೊಂದು ರೇಷ್ಮೆ ಗ್ರಂಥಿಯಲ್ಲಿ ಮಾತ್ರ ಕಾಣುವಂತಹುದು. ಎರಡಕ್ಕೂ ಇರುವ ಅಂತರ ಒಂದೇ ಒಂದು ಅಕ್ಷರ! ಆದರೆ ನೆಲೆ ಬೇರೆ. ಗ್ರಂಥಿಗೇ ಮೀಸಲಾದ ಬಗೆಯ ಜೀನುಗಳು ಒತ್ತೊತ್ತಾಗಿ ಗುಂಪುಗೂಡಿವೆ ಎಂಬುದನ್ನು 1988ರಲ್ಲಿ ಅಮೆರಿಕದ ಕ್ಯಾರನ್ ಸ್ಪ್ರೇಗ್ ಮತ್ತು ಸಂಗಡಿಗರು ಪ್ರಕಟಿಸಿದರು.

ಗ್ಲೈಸಿನ್ ಗಾಡಿಯ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಪಿ. ಗೋಪಿನಾಥನ್ ಮತ್ತು ಅವರ ವಿದ್ಯಾರ್ಥಿಗಳು 1990ರ ದಶಕದಲ್ಲಿ ಈ ಗಾಡಿಯ ಜೀನುಗಳನ್ನು ಒಂದೊಂದಾಗಿ ಹೊರತೆಗೆದು ಪರೀಕ್ಷಿಸಿದರು. ಗಾಡಿಯ ಭಾಗ ಎಲ್ಲದರಲ್ಲೂ ಒಂದೇ. ಆದರೂ ಕೆಲವು ಜೀನುಗಳು ಚುರುಕಾಗಿ ದುಡಿದವು, ಕೆಲವು ಸಾಧಾರಣ, ಇನ್ನು ಕೆಲವು ಬಹಳ ನಿಧಾನ. ವ್ಯತ್ಯಾಸ ಇದ್ದದ್ದು ಜೀನಿನ ನೆರೆಹೊರೆಯಲ್ಲಿ. ನಿಧಾನವಾದವುಗಳ ಮಗ್ಗುಲಿನಲ್ಲಿ ಕೆಲಸಕ್ಕೆ ಅಡ್ಡಿಯಾಗುವ ಚಿಕ್ಕ ಅಕ್ಷರ ತುಣುಕುಗಳು ಸಿಕ್ಕವು. ಒಂದೇ ಚೀಲದ ಬೀಜವಾದರೂ ಬದುವಿನ ಬೇವಿನ ನೆರಳಿಗೆ ಬಿದ್ದ ಸಾಲು ಸೊರಗುವುದನ್ನು ನೀವು ಪ್ರತಿ ವರ್ಷ ನೋಡುತ್ತೀರಿ. ಪ್ರತಿಗಳ ಲೆಕ್ಕವೊಂದರಿಂದಲೇ ಇಳುವರಿ ಹೇಳಲಾಗದು ಎಂಬ ಮಾತು ಹೊಲಕ್ಕೂ ಸರಿ, ಜೀನಿಗೂ ಸರಿ.

ಇನ್ನೊಂದು ಸಂಗತಿ. ರೇಷ್ಮೆ ಗ್ರಂಥಿಯ ಕೋಶಗಳ ಸಂಖ್ಯೆ ಹುಳು ಮೊಟ್ಟೆಯೊಳಗಿರುವಾಗಲೇ ಗೊತ್ತಾಗಿಬಿಟ್ಟಿರುತ್ತದೆ. ಆಮೇಲೆ ಕೋಶ ಒಡೆದು ಎರಡಾಗುವುದಿಲ್ಲ. ಒಳಗಿನ ಡಿಎನ್‌ಎ ಮಾತ್ರ ಇಮ್ಮಡಿ, ಮತ್ತೆ ಇಮ್ಮಡಿ ಎಂದು ಏರುತ್ತಾ ಕೊನೆಗೆ ಲಕ್ಷಪಟ್ಟಿಗೆ ಮುಟ್ಟುತ್ತದೆ. ಫೈಬ್ರಾಯಿನ್ ಜೀನೂ ಗಾಡಿಯ ಜೀನುಗಳೂ ಅದರೊಡನೆ ಏರುತ್ತವೆ. ಈ ಏರಿಕೆಗೆ ಬೇಕಾದದ್ದು ಆಹಾರ. ಐದನೇ ಹಂತದ ಆರಂಭದಲ್ಲಿ ಹುಳು ಉಪವಾಸ ಬಿದ್ದರೆ ಈ ಕೆಲಸ ನಿಂತುಬಿಡುತ್ತದೆ.

ಆದುದರಿಂದ ಯಾರಾದರೂ ಹುಳುವಿನ ಜೀನು ಹೆಚ್ಚಿಸುವ ಪುಡಿ ಎಂದು ಡಬ್ಬಿ ತಂದು ತೋರಿಸಿದರೆ ಕೊಳ್ಳಬೇಡಿ. ಜೀನು ಹುಳುವಿನಲ್ಲಿ ಬೇಕಾದಷ್ಟಿದೆ. ಗಾಡಿಗೆ ಹೇರುವ ಸರಕು ಸೊಪ್ಪಿನ ಪ್ರೋಟೀನಿನಿಂದ ಬರಬೇಕು, ಆ ಪ್ರೋಟೀನು ನಿಮ್ಮ ತೋಟದ ಗೊಬ್ಬರದಿಂದ, ನೀರಿನಿಂದ ಬರಬೇಕು. ಡಬ್ಬಿಯ ದುಡ್ಡಿನಲ್ಲಿ ಕೊಟ್ಟಿಗೆ ಗೊಬ್ಬರ ಹೊಡೆಸಿದರೆ ಲೇಸು.

ಎಷ್ಟು ಮೊಟ್ಟೆ ತರಬೇಕೆಂಬುದನ್ನು ಕೊನೆಯ ವಾರದ ಸೊಪ್ಪು ನೋಡಿ ತೀರ್ಮಾನಿಸಿ. ಚಾಕಿಯಲ್ಲಿ ಎಲ್ಲರ ಸೊಪ್ಪೂ ಸಾಲುತ್ತದೆ. ತೊಂದರೆ ಬರುವುದು ನಾಲ್ಕನೇ ಜ್ವರ ಎದ್ದ ಮೇಲೆಯೇ. ಆಗ ಬಲಿತು ಹಳದಿಯಾದ ಎಲೆಯನ್ನೋ ಪಕ್ಕದವರ ಬಾಡಿದ ಸೊಪ್ಪನ್ನೋ ಹಾಕಿ ಹೇಗೋ ದಾಟಿಸಿದರೆ ಗೂಡು ಹಗುರವಾಗುತ್ತದೆ. ಅಷ್ಟು ದೂರದ ರಾಮನಗರಕ್ಕೆ ಹಗುರ ಗೂಡು ಹೊತ್ತು ಹೋಗಿ ಬರುವ ಖರ್ಚು ಯಾರಿಗೂ ಗಿಟ್ಟದು.

ನಮ್ಮ ಭಾಗದ ಬೇಸಿಗೆಯೂ ಕಡಿಮೆಯದಲ್ಲ. ಪಾದರಸ 40 ಡಿಗ್ರಿ ದಾಟುತ್ತದೆ. ಕೊನೆಯ ಹಂತದ ಹುಳುವಿಗೆ ಹಿತವಾದದ್ದು 24ರಿಂದ 25 ಡಿಗ್ರಿ, ಗಾಳಿಯಲ್ಲಿ ನೂರಕ್ಕೆ 65ರಿಂದ 70 ತೇವ. ತಗಡಿನ ಮಾಡಿದ್ದರೆ ಮೇಲೆ ಸೋಗೆಯೋ ಗರಿಯೋ ಹೊದಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿ. ಸೊಪ್ಪನ್ನು ಬೆಳಗಿನ ತಂಪಿನಲ್ಲಿ ಕೊಯ್ದು ಒದ್ದೆ ಬಟ್ಟೆಯಡಿ ಇಡಿ. ಆದರೆ ನೀರು ತೊಟ್ಟಿಕ್ಕುವ ಸೊಪ್ಪನ್ನು ಹುಳುವಿನ ಮೇಲೆ ಹಾಕಬೇಡಿ, ಸಪ್ಪೆ ರೋಗಕ್ಕೆ ದಾರಿಯಾದೀತು. ರಾತ್ರಿಯ ಸೊಪ್ಪನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ನೀವು ಮಲಗಿದರೂ ಗ್ರಂಥಿಯೊಳಗಿನ ಗಾಡಿಗಳು ನಿಲ್ಲುವುದಿಲ್ಲ.